ತುಂಡಾದ ತಂತಿಯೂ ಲೈನ್‌ಮನ್ನನ ಸಂಬಳವೂ



ಕಳೆದ ತಿಂಗಳ ನಮ್ಮ ಸಭೆಯಲ್ಲಿ ಒಂದು ಮಾತು ಬಂತು. ಕರೋಲ್ ಬಾಗಿನ ಗಲ್ಲಿಯೊಂದರಲ್ಲಿ ವಾಸವಾಗಿರುವ ನಮ್ಮ ಹಿರಿಯ ಸದಸ್ಯರೊಬ್ಬರ ಮನೆಯ ಟೆಲಿಫೋನು ಹತ್ತೊಂಬತ್ತು ದಿನ ಸತ್ತು ಬಿದ್ದಿತ್ತು ಎಂದು ತಿಳಿದಾಗ, ಒಬ್ಬರು ಎದ್ದು ನಿಂತು, “ಈ ಲೈನ್‌ಮನ್‌ಗಳೇ ಹೀಗೆ. ಕೈ ಬಿಸಿ ಮಾಡದೆ ಏಣಿ ಹತ್ತುವುದಿಲ್ಲ. ಇವರನ್ನೆಲ್ಲ ಮನೆಗೆ ಕಳುಹಿಸುವುದೇ ಮದ್ದು” ಎಂದರು. ಹಲವರು ತಲೆದೂಗಿದರು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಚಪ್ಪಾಳೆ ತಟ್ಟಿದವರಲ್ಲಿ ಸಪ್ಲೈಯರ್ ಕೆಲಸದವರಿದ್ದರು, ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿ ಹಿಟ್ಟಿಗೆ ಕೈ ಹಾಕುವವರಿದ್ದರು, ಗಿರಣಿಯಲ್ಲಿ ದುಡಿದು ಈಗ ಫರೀದಾಬಾದಿನ ಕಾರ್ಖಾನೆಗೆ ಹೋಗುವವರೂ ಇದ್ದರು. ಆ ಮಾತಿಗೆ ಅಂದೇ ಉತ್ತರ ಕೊಡಬೇಕಾಗಿತ್ತು. ಹೊತ್ತು ಮೀರಿತ್ತು, ರಾತ್ರಿ ಪಾಳಿಯವರು ಹೊರಡಲು ಎದ್ದಿದ್ದರು. ಆದುದರಿಂದ ಇಲ್ಲಿ ಕೊಡುತ್ತಿದ್ದೇವೆ.

ಮೊದಲು ನಡೆದ ಸಂಗತಿ ಇಷ್ಟು. ಈ ಹಿರಿಯರು ನಾಲ್ವತ್ತು ವರ್ಷ ದೆಹಲಿಯ ಹೋಟೆಲುಗಳಲ್ಲಿ ಅಡಿಗೆ ಮಾಡಿದವರು. ನಮ್ಮಲ್ಲಿ ಅನೇಕರಿಗೆ ಸೌಟು ಹಿಡಿಯಲು ಕಲಿಸಿದ ಭಟ್ಟರು. ಪಿಂಚಣಿ ಇಲ್ಲ, ಮಕ್ಕಳಿಲ್ಲ. ಮೂರನೆಯ ಮಹಡಿಯ ಒಂದೇ ಕೋಣೆಯಲ್ಲಿ ಭಟ್ಟರೂ ಅಮ್ಮನೂ ಇದ್ದಾರೆ. ಕಣ್ಣು ಮಂಜಾಗಿದೆ. ಮೊಬೈಲಿನ ಗಾಜಿನ ಮೇಲೆ ಬೆರಳು ಸವರಿ ಹೆಸರು ಹುಡುಕುವುದು ಅವರಿಂದಾಗದು. ಗುಂಡಿ ಒತ್ತುವ ಹಳೆಯ ಟೆಲಿಫೋನಿನಲ್ಲಿ ಮಾತ್ರ ಬೆರಳಿನ ಲೆಕ್ಕದಿಂದಲೇ ಊರಿನ ನಂಬರು ಒತ್ತಬಲ್ಲರು. ಕುಂದಾಪುರದ ಕಡೆಯಿಂದ ಪ್ರತಿ ಭಾನುವಾರ ಅವರ ಅಣ್ಣನ ಮನೆಯಿಂದ ಫೋನು ಬರುತ್ತಿತ್ತು.

ಒಂದು ತಿಂಗಳಿನಿಂದ ಮಾತಿನ ನಡುವೆ ಕರಕರ ಶಬ್ದ ಬರುತ್ತಿತ್ತು. ಆಮೇಲೆ ಒಂದು ದಿನ ಗಾಳಿಮಳೆಯಾಯಿತು, ಟೆಲಿಫೋನು ಮೂಕವಾಯಿತು. ದೂರು ಕೊಟ್ಟರು. ಐದನೆಯ ದಿನ ಅಮ್ಮನ ಮೊಬೈಲಿಗೆ ಒಂದು ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ. ಯಾರೂ ಬಂದಿರಲಿಲ್ಲ, ಏನೂ ಪರಿಹಾರವಾಗಿರಲಿಲ್ಲ. ಮತ್ತೆ ದೂರು, ಮತ್ತೆ ಅದೇ ಸಂದೇಶ. ಅಷ್ಟರಲ್ಲಿ ಆ ಮೊಬೈಲಿನ ರೀಚಾರ್ಜ್ ಅವಧಿಯೂ ತೀರಿ, ಹೊರಗಿನಿಂದ ಬರುವ ಕರೆಯೂ ನಿಂತುಹೋಯಿತು. ಹದಿನಾಲ್ಕನೆಯ ದಿನ ಊರಿನಲ್ಲಿ ಅಣ್ಣ ತೀರಿಕೊಂಡರು. ಸುದ್ದಿ ಮರುದಿನ ಸಂಜೆ ಹೋಟೆಲಿನ ಹುಡುಗನೊಬ್ಬನ ಮೊಬೈಲಿನ ಮೂಲಕ ಭಟ್ಟರನ್ನು ಮುಟ್ಟಿತು. “ಒಡಹುಟ್ಟಿದವನು ಸತ್ತಿದ್ದಾನೆಂದು ತಿಳಿಯದೆ, ಮೀಯದೆ ಎರಡು ಹೊತ್ತು ಉಂಡೆನಲ್ಲ ಮಾರಾಯ” ಎಂದು ಅವರು ನಮ್ಮ ಮುಂದೆ ಹೇಳಿದ್ದು ಇಷ್ಟೇ. ರೈಲು ಹತ್ತಿದರೂ ಅವರು ಹೆಣದ ಮುಖ ನೋಡಲು ಮುಟ್ಟುತ್ತಿರಲಿಲ್ಲ. ಆದರೂ ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಯಾವ ಕಂಪೆನಿಯ ಟೆಲಿಫೋನು ಎಂದು ಇಲ್ಲಿ ಬರೆಯುವುದಿಲ್ಲ. ಒಂದು ಕಂಪೆನಿಯ ಹೆಸರು ಬರೆದರೆ ಉಳಿದವು ಸಾಚಾ ಎಂದಂತಾದೀತು.

“ಈ ಕಾಲದಲ್ಲಿ ಮನೆಯ ಟೆಲಿಫೋನು ಯಾರಿಗೆ ಬೇಕು?” ಎಂದು ಕೇಳುವವರಿಗೆ ಒಂದು ಮಾತು. 2018ರ ಕೊನೆಯಲ್ಲಿ ಮೊಬೈಲು ಕಂಪೆನಿಗಳು ಕನಿಷ್ಠ ರೀಚಾರ್ಜ್ ಎಂಬ ಪದ್ಧತಿ ತಂದವು. ನಾವು ಯಾರಿಗೂ ಫೋನು ಮಾಡದಿದ್ದರೂ, ನಮಗೆ ಬರುವ ಫೋನಿಗಾಗಿ ದುಡ್ಡು ಕಟ್ಟಬೇಕು. ಇನ್ನು ತಾಮ್ರದ ತಂತಿಯ ಟೆಲಿಫೋನಿಗೆ ಮನೆಯ ಕರೆಂಟು ಬೇಡ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟು ಆ ತಂತಿಯಲ್ಲೇ ಬರುತ್ತದೆ. ಜೂನ್ ತಿಂಗಳ ಬಿಸಿಲಿಗೆ ಗಲ್ಲಿಯ ಕರೆಂಟು ಹೋದಾಗಲೂ ಅದು ಮಾತಾಡುತ್ತದೆ. ಈಗ ಹಾಕುತ್ತಿರುವ ಗಾಜಿನ ಎಳೆಯ ಫೈಬರಿಗೆ ಆ ಗುಣವಿಲ್ಲ, ಮನೆಯ ಪೆಟ್ಟಿಗೆಗೆ ಕರೆಂಟು ಇರಬೇಕು. ಹೊಸತು ಬೇಡವೆಂದು ನಾವು ಹೇಳುತ್ತಿಲ್ಲ. ಮುದುಕರ ಮನೆಯಲ್ಲಿ ಹಳೆಯದು ಇರುವ ತನಕ ಅದು ನಡೆಯಬೇಕು. ಬಾಡಿಗೆ ವಸೂಲಾಗುತ್ತಿದೆಯಷ್ಟೆ?

ಹತ್ತೊಂಬತ್ತನೆಯ ದಿನ ಲೈನ್‌ಮನ್ ಬಂದ. ನಮ್ಮಲ್ಲಿ ಇಬ್ಬರು ಅಲ್ಲಿದ್ದೆವು. ಜಗಳಕ್ಕೆಂದೇ ಹೋಗಿದ್ದೆವು, ಸುಳ್ಳೇಕೆ ಹೇಳಬೇಕು? ಅವನು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದು, ಗೋಡೆಯ ಮೇಲಿನ ರೋಸೆಟ್ ಡಬ್ಬಿಯ ತಿರುಪು ಬಿಚ್ಚಿ, ತನ್ನ ಕೈಫೋನಿನ ಎರಡು ಚಿಮಟಿಗಳನ್ನು ಎರಡು ತಂತಿಗೆ ಕಚ್ಚಿಸಿದ. ಶಬ್ದವಿಲ್ಲ. ಮತ್ತೆ ಕೆಳಗಿಳಿದು ಗಲ್ಲಿಯ ಗೋಡೆಯ ಮೇಲಿದ್ದ ಡಿ.ಪಿ. ಪೆಟ್ಟಿಗೆಯನ್ನು ತೆರೆದ. ಅಲ್ಲಿ ಚಿಮಟಿ ಹಾಕಿದೊಡನೆ ಗುಂಯ್ ಎಂದು ಸ್ವರ ಬಂತು. ಅಲ್ಲಿಗೆ ಲೆಕ್ಕ ಸಿಕ್ಕಿತು. ಎಕ್ಸ್‌ಚೇಂಜಿನಿಂದ ದಪ್ಪ ಕೇಬಲು ನೆಲದಡಿಯಲ್ಲಿ ಪಿಲ್ಲರ್ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಸಣ್ಣ ಕೇಬಲು ಡಿ.ಪಿ.ಗೆ ಬರುತ್ತದೆ. ಡಿ.ಪಿ.ಯಿಂದ ಒಂದು ಜೋಡಿ ತಂತಿ ಗಾಳಿಯಲ್ಲಿ ತೂಗುತ್ತ ಮನೆಗೆ ಬರುತ್ತದೆ, ಅದಕ್ಕೆ ಡ್ರಾಪ್ ವೈರ್ ಎನ್ನುತ್ತಾರೆ. ಪೆಟ್ಟಿಗೆಯವರೆಗೆ ಜೀವವಿದೆ, ಮನೆಯಲ್ಲಿಲ್ಲ. ಹಾಗಾದರೆ ರೋಗ ಆ ಡ್ರಾಪ್ ವೈರಿನಲ್ಲಿದೆ.

ಆದರೆ ಆ ತಂತಿ ನೋಡಲು ಇಡಿಯಾಗಿತ್ತು. ನಾವು, “ತಂತಿ ಸರಿಯಾಗಿಯೇ ಇದೆಯಲ್ಲ, ನಾಟಕ ಮಾಡುತ್ತೀಯಾ?” ಎಂದೆವು. ಅವನು ಉತ್ತರ ಕೊಡದೆ ಮಾಳಿಗೆಯ ಅಂಚಿನಲ್ಲಿ ಬಗ್ಗಿ, ತಂತಿಯನ್ನು ಗೇಣು ಗೇಣಾಗಿ ಬೆರಳುಗಳ ನಡುವೆ ಎಳೆದುಕೊಳ್ಳುತ್ತ ಬಂದ. ಪಕ್ಕದ ಮನೆಯವರ ಕೂಲರಿನ ಕಬ್ಬಿಣದ ಚೌಕಟ್ಟಿಗೆ ತಂತಿ ಒರಗುವ ಜಾಗದಲ್ಲಿ ಕೈ ನಿಂತಿತು. ಮೇಲಿನ ಕಪ್ಪು ಹೊದಿಕೆ ಹಾಗೆಯೇ ಇತ್ತು. ಒಳಗಿನ ತಾಮ್ರದ ಎರಡು ಎಳೆಗಳಲ್ಲಿ ಒಂದು, ಗಾಳಿ ಬೀಸಿದಾಗಲೆಲ್ಲ ಬಾಗಿ ಬಾಗಿ ಮುರಿದಿತ್ತು. ಮುರಿದ ತುದಿಗಳು ಒಮ್ಮೆ ತಾಗುತ್ತ ಒಮ್ಮೆ ಬಿಡುತ್ತ ಇದ್ದಷ್ಟು ದಿನ ಕರಕರ. ಮಳೆಯ ದಿನ ಪೂರ್ತಿ ದೂರವಾದವು. ಟೆಲಿಫೋನಿಗೆ ಹೋಗುವ ದಾರಿ ಒಂದು, ಬರುವ ದಾರಿ ಒಂದು. ಒಂದು ಎಳೆ ಹೋದರೂ ಟೆಲಿಫೋನು ಮೂಕ.

ಅವನು ಅಲ್ಲಿ ಕತ್ತರಿಸಿದ. ಹೊದಿಕೆ ಸುಲಿಯುವ ಇಕ್ಕಳ ಅವನಲ್ಲಿರಲಿಲ್ಲ, ಹಲ್ಲಿನಿಂದ ಕಚ್ಚಿ ಸುಲಿದ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಬ್ಲೇಡಿನಿಂದ ಹೊಳೆಯುವ ತನಕ ಕೆರೆದ. ಎರಡು ಎಳೆಗಳ ಗಂಟುಗಳು ಒಂದರ ಪಕ್ಕ ಒಂದು ಬಾರದಂತೆ ಒಂದನ್ನು ಮುಂದೆ, ಒಂದನ್ನು ಹಿಂದೆ ಮಾಡಿ ಹೊಸೆದ. ಅಕ್ಕಪಕ್ಕ ಬಂದರೆ ನಾಳೆ ಟೇಪು ಸಡಿಲವಾದಾಗ ತಾಗಿ ಶಾರ್ಟಾಗುತ್ತದೆ ಎಂದ. ಹತ್ತು ಸುತ್ತು ಬಿಗಿಯಾಗಿ ಹೊಸೆದು, ಒಂದೊಂದಕ್ಕೂ ಬೇರೆ ಬೇರೆ ಟೇಪು ಸುತ್ತಿ, ಆಮೇಲೆ ಎರಡನ್ನೂ ಸೇರಿಸಿ ಸುತ್ತಿದ. ಟೇಪು ಅವನ ಚೀಲದಲ್ಲಿ ಮುಗಿದಿತ್ತು, ನಾವೇ ಕೆಳಗಿನ ಅಂಗಡಿಯಿಂದ ತಂದೆವು. ಕೊನೆಗೆ ತಂತಿಯನ್ನು ಕಬ್ಬಿಣದಿಂದ ಬಿಡಿಸಿ, ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟು ಕಟ್ಟಿದ. ಅಚ್ಚುಕಟ್ಟಾದ ಕೆಲಸ. ಕೈಕೆಲಸ ಬಲ್ಲವರು ನಾವು, ಕೈಕೆಲಸದ ಗುರುತು ನಮಗೆ ಹತ್ತುತ್ತದೆ. ಒಟ್ಟು ಹದಿನೈದು ನಿಮಿಷ. ಹತ್ತೊಂಬತ್ತು ದಿನದ ಮೌನಕ್ಕೆ ಹದಿನೈದು ನಿಮಿಷದ ಮದ್ದು!

ನಿಜವಾಗಿ ತಂತಿಯನ್ನೇ ಬದಲಿಸಬೇಕು, ಈ ಗಂಟು ಎರಡು ಮಳೆಗಾಲ ತಡೆಯಲಾರದು ಎಂದು ಅವನೇ ಹೇಳಿದ. ಮತ್ತೇಕೆ ಬದಲಿಸಲಿಲ್ಲವೆಂದು ಕೇಳಿದೆವು. ಉಗ್ರಾಣದಲ್ಲಿ ತಂತಿ ಇಲ್ಲ. ಹತ್ತೊಂಬತ್ತು ದಿನ ಏಕೆ ಬರಲಿಲ್ಲವೆಂದು ಕೇಳಿದೆವು. ಹಿಂದೆ ಆರು ಮಂದಿ ನೋಡುತ್ತಿದ್ದ ಪ್ರದೇಶಕ್ಕೆ ಈಗ ತಾನೊಬ್ಬನೇ ಎಂದ. ದೂರು ಪರಿಹಾರವಾಯಿತೆಂದು ಬರೆದವರು ಯಾರು? ತಾನಲ್ಲ, ದೂರು ಬಾಕಿಯಿದ್ದರೆ ಗುತ್ತಿಗೆದಾರನಿಗೆ ದಂಡ ಬೀಳುತ್ತದೆ, ಆಫೀಸಿನಲ್ಲೇ ಮುಗಿಸುತ್ತಾರೆ ಎಂದ. ಸಂಬಳ ಎಷ್ಟು? ಹೇಳಲು ನಾಚಿಕೊಂಡ. ಮೂರು ತಿಂಗಳಿನದು ಬಾಕಿ ಇದೆ ಎಂದ. ಏಣಿ ಅವನ ಸ್ವಂತದ್ದು, ಮೋಟಾರ್ ಸೈಕಲ್ಲಿನ ಪೆಟ್ರೋಲೂ ಸ್ವಂತದ್ದು. ಬಿಹಾರದ ಹುಡುಗ. ಅವನ ಊರಿಗೂ ಭಾನುವಾರವೇ ಫೋನು.

ಭಟ್ಟರು ಐವತ್ತು ರೂಪಾಯಿ ಕೊಟ್ಟರು. ಅವನು ತೆಗೆದುಕೊಂಡ.

ಇಲ್ಲಿಗೇ ಬರಬೇಕಾಗಿತ್ತು ನಾವು. “ನೋಡಿ, ತೆಗೆದುಕೊಂಡನಲ್ಲ!” ಎನ್ನುವವರನ್ನು ನಾವು ಕೇಳುತ್ತೇವೆ: ಮೇಜಿನ ಮೇಲೆ ಗಿರಾಕಿ ಬಿಟ್ಟುಹೋದ ಹತ್ತು ರೂಪಾಯಿಯನ್ನು ನೀವು ಏನು ಮಾಡುತ್ತೀರಿ? ಗಲ್ಲಾ ಪೆಟ್ಟಿಗೆಗೆ ಹಾಕುತ್ತೀರಾ? ಸಂಬಳ ಹೆಚ್ಚಿಸಿರೆಂದು ಕೇಳಿದಾಗ ನಮ್ಮ ಯಜಮಾನರು ಮೊದಲು ಆಡುವ ಮಾತು ಯಾವುದು? “ಟಿಪ್ಸು ಬರುತ್ತದಲ್ಲ ನಿನಗೆ?” ಗಿರಾಕಿಯ ಜೇಬಿನಿಂದ ಬೀಳುವ ಚಿಲ್ಲರೆಯನ್ನು ತೋರಿಸಿ, ತಾವು ಕೊಡಬೇಕಾದ ಕೂಲಿಯನ್ನು ನುಂಗುವ ಈ ಲೆಕ್ಕ ನಮಗೆ ಬಾಯಿಪಾಠವಾಗಿದೆ. ಅದೇ ಲೆಕ್ಕವನ್ನು ಟೆಲಿಫೋನ್ ಗುತ್ತಿಗೆದಾರನೂ ಕಲಿತಿದ್ದಾನೆ. ಮೂರು ತಿಂಗಳು ಕೂಲಿ ಕೊಡದಿದ್ದರೂ ಹುಡುಗ ಕೆಲಸ ಬಿಡುವುದಿಲ್ಲ, ಮನೆಮನೆಯಲ್ಲಿ ಐವತ್ತು ಸಿಗುತ್ತದಲ್ಲ! ಹಾಗಾಗಿ ಐವತ್ತು ಕೊಡಬಲ್ಲವರ ಮನೆಗೆ ಮೊದಲ ದಿನ, ಕೊಡಲಾರದವರ ಮನೆಗೆ ಹತ್ತೊಂಬತ್ತನೆಯ ದಿನ. ಇದು ತಪ್ಪೇ. ತಪ್ಪಲ್ಲವೆಂದು ನಾವು ವಾದಿಸುವುದಿಲ್ಲ. ಹಣ ಬಿಟ್ಟು ಕೊಡುವವರ ಬೀದಿಗಳಲ್ಲಿ ಏಣಿ ಬೇಗ ಏರುತ್ತದೆಂಬುದು ನಮಗೂ ಗೊತ್ತು. ಆದರೆ ಆ ತಪ್ಪನ್ನು ಸಾಕಿ ಬೆಳೆಸಿದವರನ್ನು ಬಿಟ್ಟು ಏಣಿ ಹೊತ್ತವನನ್ನು ಹಿಡಿದು ಬಡಿಯುವುದು ಯಾವ ನ್ಯಾಯ?

ಮಧ್ಯಾಹ್ನದ ಗಲಾಟೆಯ ಹೊತ್ತನ್ನು ನೆನೆಯಿರಿ. ಕಾವಲಿಯ ಮುಂದೆ ಮೂರು ಜನ ಇರಬೇಕಾದಲ್ಲಿ ಯಜಮಾನರು ಇಬ್ಬರನ್ನು ತೆಗೆದಿದ್ದಾರೆ. ಮಸಾಲೆ ದೋಸೆಗೆ ಅರ್ಧ ಗಂಟೆ. ಗಿರಾಕಿ ಬಯ್ಯುವುದು ಯಾರನ್ನು? ಗಲ್ಲೆಯ ಮೇಲೆ ಕೂತವರನ್ನಲ್ಲ, ಎದುರಿಗೆ ನೀರಿನ ಲೋಟ ಹಿಡಿದು ನಿಂತ ಮಾಣಿಯನ್ನು. ಆ ಬೈಗುಳ ತಿಂದವರೇ ನಾವು. ಸಂಜೆ ಸಭೆಗೆ ಬಂದು ಇನ್ನೊಬ್ಬ ಮಾಣಿಯನ್ನು ಅದೇ ಮಾತಿನಿಂದ ಬಯ್ದರೆ ಏನನ್ನಬೇಕು?

“ಇವರನ್ನೆಲ್ಲ ಮನೆಗೆ ಕಳುಹಿಸಬೇಕು” ಎಂದರಲ್ಲ, ಆ ಕೆಲಸ ಆಗಿಹೋಗಿದೆ. 2019ರ ನವೆಂಬರಿನಲ್ಲಿ ಸರಕಾರಿ ಟೆಲಿಫೋನ್ ಸಂಸ್ಥೆಗಳಲ್ಲಿ ಸ್ವಯಂನಿವೃತ್ತಿಯ ಯೋಜನೆ ತಂದರು. 50 ವರ್ಷ ದಾಟಿದವರಿಗೆ. 2020ರ ಜನವರಿ 31ರಂದು ಬಿ.ಎಸ್.ಎನ್.ಎಲ್. ಮತ್ತು ಎಂ.ಟಿ.ಎನ್.ಎಲ್. ಎರಡೂ ಸೇರಿ ಸುಮಾರು 92 ಸಾವಿರ ಜನ ಒಂದೇ ದಿನ ಕೆಲಸ ಬಿಟ್ಟರು. ಅದರಲ್ಲಿ ದೆಹಲಿ, ಮುಂಬಯಿಗಳ ಟೆಲಿಫೋನು ನೋಡುತ್ತಿದ್ದ ಎಂ.ಟಿ.ಎನ್.ಎಲ್.ನವರೇ 14 ಸಾವಿರಕ್ಕೂ ಹೆಚ್ಚು. ಯಾವ ಗಲ್ಲಿಯ ಯಾವ ಪೆಟ್ಟಿಗೆಯಲ್ಲಿ ಯಾರ ಮನೆಯ ಜೋಡಿ ಎಂಬುದನ್ನು ತಲೆಯಲ್ಲೇ ಇಟ್ಟುಕೊಂಡಿದ್ದವರು ಹೀಗೆ ಒಟ್ಟಿಗೆ ಹೊರಟರೆ ಉಳಿಯುವುದೇನು? ಸಾಲ ಹೊತ್ತ ಸಂಸ್ಥೆ ಸಂಬಳದ ಭಾರ ತಾಳಲಾರದು ಎಂದರು. ಸಾಲವೇಕಾಯಿತು ಎಂದು ಲೈನ್‌ಮನ್ನನನ್ನು ಯಾರೂ ಕೇಳಿರಲಿಲ್ಲ. ಸ್ಪೆಕ್ಟ್ರಮಿಗೆ ಕೋಟಿಗಟ್ಟಲೆ ಕಟ್ಟಿದ ಕಾಗದಕ್ಕೆ ಅವನು ಸಹಿ ಹಾಕಿರಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ದೆಹಲಿಯ ಗಿರಣಿಗಳೂ ಸೇರಿ 168 ಕಾರ್ಖಾನೆಗಳು ನವೆಂಬರ್ 30ಕ್ಕೆ ಮುಚ್ಚಿದ್ದು ನಮ್ಮಲ್ಲಿ ಗಿರಣಿಯಲ್ಲಿ ದುಡಿದವರಿಗೆ ನೆನಪಿರಬೇಕು. ಆಗಲೂ ಹೊಗೆ ಯಾರದೋ, ಹೊಟ್ಟೆಯ ಮೇಲೆ ಬರೆ ನಮಗೆ.

ಟೆಲಿಫೋನು ನಮಗೆ ಅನ್ಯರ ಸೊತ್ತಲ್ಲ ಎಂಬುದನ್ನೂ ಹೇಳಬೇಕು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯೆಂದು ಹೆಸರಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಕೆ.ಆರ್. ಪುರದ ಹತ್ತಿರ ಆ ಕಾರ್ಖಾನೆಯ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ದೆಹಲಿಯ ಸಾಹೇಬರ ಮೇಜಿನ ಮೇಲೆ ಕೂತ ಕಪ್ಪು ಡಯಲ್ ಫೋನುಗಳನ್ನು ಜೋಡಿಸಿದ ಕೈಗಳಲ್ಲಿ ನಮ್ಮವರ ಕೈಗಳೂ ಇದ್ದವು. 1980ರ ಡಿಸೆಂಬರಿನಿಂದ ತಿಂಗಳುಗಟ್ಟಲೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಹೂಡಿದ ಮುಷ್ಕರದಲ್ಲಿ ಅವರೂ ಇದ್ದರು. ತಂತಿಯ ಕೇಬಲು ತಯಾರಾಗುತ್ತಿದ್ದ ಬಂಗಾಳದ ರೂಪನಾರಾಯಣಪುರದ ಹಿಂದೂಸ್ತಾನ್ ಕೇಬಲ್ಸ್ 1952ರಲ್ಲಿ ಹುಟ್ಟಿತು, 2016ರಲ್ಲಿ ಅದನ್ನು ಮುಚ್ಚಲು ಸರಕಾರ ತೀರ್ಮಾನಿಸಿತು.

ತಂತಿ ಎಳೆದವರ ಹೋರಾಟವೂ ಸಣ್ಣದಲ್ಲ. 1960ರ ಜುಲೈಯಲ್ಲಿ ಕೇಂದ್ರ ಸರಕಾರಿ ನೌಕರರು ಹೂಡಿದ ಮುಷ್ಕರದಲ್ಲಿಯೂ 1968ರ ಸೆಪ್ಟೆಂಬರ್ 19ರ ಒಂದು ದಿನದ ಮುಷ್ಕರದಲ್ಲಿಯೂ ಅಂಚೆ ಮತ್ತು ತಂತಿಯವರು ಮುಂದಿದ್ದರು. ಇಲಾಖೆಯಲ್ಲಿ ವರ್ಷಗಟ್ಟಲೆ ದಿನಗೂಲಿಯವರಾಗಿಯೇ ಉಳಿದಿದ್ದವರು ಸುಪ್ರೀಂ ಕೋರ್ಟಿನ ಮೆಟ್ಟಲು ಹತ್ತಿದರು. 1987ರ ಅಕ್ಟೋಬರ್ 27ರಂದು ತೀರ್ಪಾಯಿತು. ಕಾಯಂ ನೌಕರರ ಕನಿಷ್ಠ ವೇತನದ ಸಮಾನವಾಗಿ ಇವರಿಗೂ ಕೊಡಬೇಕು, ಒಂದು ವರ್ಷಕ್ಕೂ ಹೆಚ್ಚು ಎಡೆಬಿಡದೆ ದುಡಿದವರನ್ನು ಸೇರಿಸಿಕೊಳ್ಳಲು ಯೋಜನೆ ಮಾಡಬೇಕು ಎಂದು. 1989ರಲ್ಲಿ ಆ ಯೋಜನೆ ಬಂತು. ಗುಂಡಿ ತೋಡುತ್ತ, ಕಂಬ ಹೊರುತ್ತ ಇದ್ದ ಎಷ್ಟೋ ಜನ ಲೈನ್‌ಮನ್‌ಗಳಾದದ್ದು ಹಾಗೆ. ಅಂದಿನ ದಿನಗೂಲಿಯವನಿಗೆ ತನ್ನ ಧಣಿ ಯಾರೆಂದಾದರೂ ಗೊತ್ತಿತ್ತು. ಕರೋಲ್ ಬಾಗಿಗೆ ಬಂದ ಹುಡುಗನಿಗೆ ಅದೂ ಗೊತ್ತಿಲ್ಲ. ಕಂಪೆನಿ ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರ ಕಂಪೆನಿಯ ಬಿಲ್ಲನ್ನು ತೋರಿಸುತ್ತಾನೆ. 2019ರಲ್ಲಿ ಬಿ.ಎಸ್.ಎನ್.ಎಲ್.ನ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆಯ ಬಾಕಿ ಕೂಲಿಗಾಗಿ ಧರಣಿ ಕೂತದ್ದು ಪತ್ರಿಕೆಗಳಲ್ಲೇ ಬಂದಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲಿಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಹೇಳಿತ್ತು. ಅದರ ಜಾಗಕ್ಕೆಂದು ಮಾಡಿದ 2020ರ ಸಂಹಿತೆಯಲ್ಲೂ ಆ ಮಾತನ್ನು ಉಳಿಸಿದ್ದಾರೆ. ಕಾಗದದ ಮೇಲೆ ಉಳಿದ ಮಾತನ್ನು ಕೇಳಿ ಪಡೆಯಬೇಕಾದರೆ ಕೇಳುವವನ ಹಿಂದೆ ನಾಲ್ಕು ಜನ ನಿಲ್ಲಬೇಕು.

ಇನ್ನು ನಮ್ಮ ಸದಸ್ಯರು ಮಾಡಬೇಕಾದದ್ದು. ಮನೆಯ ಟೆಲಿಫೋನು ಸತ್ತರೆ ಮೊದಲು ಇನ್ನೊಂದು ಟೆಲಿಫೋನನ್ನು ತಂದು ರೋಸೆಟ್ ಡಬ್ಬಿಗೇ ಹಚ್ಚಿ ನೋಡಿ. ಅಲ್ಲಿ ಸ್ವರ ಬಂದರೆ ತಪ್ಪು ನಮ್ಮ ಉಪಕರಣದ್ದು ಅಥವಾ ಕೋಣೆಯೊಳಗಿನ ತಂತಿಯದ್ದು. ಅದನ್ನು ನಾವೇ ಸರಿಮಾಡಬಹುದು, ಕೆರೆದು, ಹೊಸೆದು, ಎಳೆಗೊಂದು ಟೇಪು ಸುತ್ತಿ, ಮೇಲೆ ಹೇಳಿದ ಹಾಗೆಯೇ. ಗುಡುಗು ಮಿಂಚಿನಲ್ಲಿ ಕೈ ಹಾಕಬೇಡಿ. ಗಂಟೆ ಬಾರಿಸುವಾಗ ತಂತಿಯಲ್ಲಿ 75 ವೋಲ್ಟಿನ ಆಸುಪಾಸು ಬರುತ್ತದೆ, ಒದ್ದೆ ಕೈಗೆ ಚುರುಕು ಮುಟ್ಟಿಸುತ್ತದೆ. ಡಬ್ಬಿಯಲ್ಲೂ ಸ್ವರವಿಲ್ಲದಿದ್ದರೆ ತಪ್ಪು ಹೊರಗಿನದು, ಕಂಪೆನಿಯದು. ಅದಕ್ಕೆ ಕಂಬವನ್ನಾಗಲಿ ಮಾಳಿಗೆಯ ಅಂಚನ್ನಾಗಲಿ ಹತ್ತಬೇಡಿ. ನಮ್ಮ ಗಲ್ಲಿಗಳಲ್ಲಿ ಟೆಲಿಫೋನು, ಕೇಬಲ್ ಟಿ.ವಿ., ಕರೆಂಟಿನ ತಂತಿಗಳು ಶಾವಿಗೆಯಂತೆ ಹೆಣೆದುಕೊಂಡಿವೆ. ಯಾವುದರಲ್ಲಿ ಸಾವು ಹರಿಯುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹೀಗೆ ಏರಿಳಿಯಬೇಕಾದ ಆ ಹುಡುಗನಿಗೆ ರಬ್ಬರು ಕೈಗವಸು ಇರಲಿಲ್ಲವೆಂಬುದನ್ನು ಮೇಲೆ ಬರೆಯಲು ಮರೆತೆವು.

ದೂರು ಕೊಟ್ಟ ತಾರೀಖು, ದೂರಿನ ನಂಬರು ಬರೆದಿಡಿ. ಸರಿಯಾಗದೆ “ಪರಿಹಾರವಾಗಿದೆ” ಎಂದು ಸಂದೇಶ ಬಂದರೆ ಅಳಿಸಬೇಡಿ, ಅದೇ ನಮ್ಮ ಸಾಕ್ಷಿ. 2009ರ ಟ್ರಾಯ್ ನಿಯಮಗಳಲ್ಲಿ ದುರಸ್ತಿ 3 ದಿನ ಮೀರಿದರೆ 7 ದಿನದ ಬಾಡಿಗೆ, 7 ದಿನ ಮೀರಿದರೆ 15 ದಿನದ್ದು, 15 ದಿನ ಮೀರಿದರೆ ಒಂದು ತಿಂಗಳಿನದು ಬಿಡಬೇಕೆಂದಿತ್ತು. ಎಷ್ಟು ಜನ ಕೇಳಿ ಪಡೆದರು? 2024ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದಿದ್ದಾರೆ. ಈಗಿನ ಲೆಕ್ಕದಲ್ಲಿ ಎಷ್ಟು ಬರಬೇಕೆಂದು ಕಂಪೆನಿಯಿಂದಲೇ ಬರೆಸಿ ಕೇಳಿ. ಓದುಬರಹ ಕಡಿಮೆಯಿರುವವರು ಸಂಘದ ಕೋಣೆಗೆ ಬನ್ನಿ, ನಾವು ಬರೆದುಕೊಡುತ್ತೇವೆ. ಲೈನ್‌ಮನ್ನನಿಗೆ ಚಹಾ ಕೊಡಿ, ಮನೆಗೆ ಬಂದವನಿಗೆ ನಮ್ಮ ಕಡೆ ನೀರು ಬೆಲ್ಲ ಕೊಡುವುದಿಲ್ಲವೇ? ಐವತ್ತು ಕೊಡುವ ಮೊದಲು ಮಾತ್ರ ಅವನ ಗುತ್ತಿಗೆದಾರನ ಹೆಸರು, ಎಷ್ಟು ತಿಂಗಳ ಕೂಲಿ ಬಾಕಿ ಎಂಬುದನ್ನು ಕೇಳಿ, ಅವನು ಒಪ್ಪಿದರೆ ಬರೆದುಕೊಂಡು ಬನ್ನಿ.

ಭಟ್ಟರ ಹೆಸರಿನಲ್ಲಿ ನಾವು ಎರಡು ಅರ್ಜಿ ಬರೆದೆವು. ಒಂದು ಹತ್ತೊಂಬತ್ತು ದಿನದ ಬಾಡಿಗೆ ವಾಪಸಿಗೆ, ಇನ್ನೊಂದು ಗಂಟು ಹಾಕಿದ ತಂತಿಯ ಬದಲು ಹೊಸ ಡ್ರಾಪ್ ವೈರಿಗೆ. ಎರಡನೆಯ ಅರ್ಜಿಯ ಕೊನೆಯಲ್ಲಿ, ದುರಸ್ತಿ ಮಾಡಿದ ನೌಕರನ ಕೆಲಸ ಅಚ್ಚುಕಟ್ಟಾಗಿತ್ತು, ಅವನ ಬಾಕಿ ಕೂಲಿಯನ್ನು ಕೊಡಿಸಬೇಕು ಎಂಬ ಸಾಲನ್ನು ಭಟ್ಟರೇ ಸೇರಿಸಲು ಹೇಳಿದರು. ಅದು ಹುಡುಗನಿಗೆ ತೊಂದರೆಯಾದೀತೇ ಎಂದು ಅವನನ್ನೇ ಕೇಳಿದೆವು. ಒಂದು ದಿನ ಯೋಚಿಸಿ, ಇರಲಿ ಎಂದ. ಅರ್ಜಿ ಕೊಟ್ಟು ಇಪ್ಪತ್ತೆರಡು ದಿನವಾಯಿತು. ಸ್ವೀಕೃತಿಯ ಮುದ್ರೆ ನಮ್ಮ ಕೈಯಲ್ಲಿದೆ, ಉತ್ತರ ಬಂದಿಲ್ಲ. ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ, ಹೋಟೆಲುಗಳಲ್ಲಿ ಊಟದ ಹೊತ್ತು ಮುಗಿದ ಮೇಲೆ, ಸಂಘದ ಕೋಣೆಯಲ್ಲಿ ಸೇರಿ ಆಫೀಸಿಗೆ ಹೋಗುವುದು ಯಾವ ದಿನವೆಂದು ಗೊತ್ತುಮಾಡುತ್ತೇವೆ. ಹುಡುಗನೂ ತನ್ನ ಜೊತೆಯವರಿಬ್ಬರನ್ನು ಕರೆದುಕೊಂಡು ಬರುತ್ತೇನೆಂದಿದ್ದಾನೆ. ಸಭೆಯಲ್ಲಿ ಚಪ್ಪಾಳೆ ತಟ್ಟಿದವರು ತಪ್ಪದೆ ಬರಬೇಕು.